ಬೇಗಮರ ತೋಟ, ಮುನಿಸಿಪಾಲಿಟಿಯ ಪಾರ್ಕು

ರೋಶನಾರಾ ಬಾಗಿನ ಪೂರ್ವದ ಹಳೆಯ ಹೆಬ್ಬಾಗಿಲಲ್ಲಿ ನಿಂತರೆ ಕಣ್ಣು ನೆಟ್ಟಗೆ ಹೋಗಿ ಸಮಾಧಿ ಮಂಟಪಕ್ಕೆ ತಾಗುತ್ತದೆ. ನಡುವೆ ಹಳೆಯ ನೀರುಕಾಲುವೆ, ಅದರ ಮಗ್ಗುಲಿಗೆ ನಡೆದಾಡುವ ದಾರಿ, ತುದಿಯಲ್ಲಿ ಆ ಮಂಟಪವೇ ಆದ ಬಾರಾದರಿ. ಎಡಕ್ಕೋ ಬಲಕ್ಕೋ ಸ್ವಲ್ಪ ದೂರ ಸರಿದರೆ ಈ ಶಿಸ್ತು ಮುಗಿದುಹೋಗುತ್ತದೆ. ಅಲ್ಲಿಂದಾಚೆ ದಾರಿಗಳು ಬಳುಕತೊಡಗುತ್ತವೆ. ಮರಗಳು ಸಾಲು ಬಿಟ್ಟು ಗುಂಪುಗುಂಪಾಗಿ ನಿಲ್ಲುತ್ತವೆ. ಎದುರಿಗಿರುವುದು ಏನೆಂದು ತಿಳಿಯಲು ತಿರುವು ದಾಟಿಯೇ ಹೋಗಬೇಕು. ಒಂದೇ ಆವರಣದಲ್ಲಿ ಎರಡು ಕೈಗಳ ಕೆಲಸ. ನೆಟ್ಟಗಿರುವುದು 1650ರ ಸುಮಾರಿನದು, ಷಹಜಹಾನನ ಮಗಳು ರೋಶನಾರಾ ಮಾಡಿಸಿದ್ದು. ಬಳುಕುವುದು ಎರಡು ಶತಮಾನ ಕಳೆದ ಮೇಲೆ, 1870ರ ದಶಕದ ಹೊತ್ತಿಗೆ, ಈ ತೋಟವನ್ನು ಊರವರ ಪಾರ್ಕಾಗಿ ತಿದ್ದಿದ ಇಂಗ್ಲಿಷ್ ಅಧಿಕಾರಿಗಳದು.

ದಿಲ್ಲಿಯಲ್ಲಿ ಹತ್ತೊಂಬತ್ತನೇ ಶತಮಾನದ ಪಾರ್ಕು ನೋಡಬೇಕೆಂದು ಹೊರಟವರಿಗೆ ಒಂದು ಸಂಗತಿ ಬೇಗ ಗಮನಕ್ಕೆ ಬರುತ್ತದೆ. ಇಲ್ಲಿನ ಮುಖ್ಯವಾದ ಮೂರೂ ಪಾರ್ಕುಗಳು ಹೆಂಗಸರು ಮಾಡಿಸಿದ ತೋಟಗಳ ಮೇಲೆ ಕೂತಿವೆ. ಚಾಂದನಿ ಚೌಕದ ಬೆನ್ನಿಗಿದ್ದ ಕ್ವೀನ್ಸ್ ಗಾರ್ಡನ್ಸ್, ಜನರ ಬಾಯಲ್ಲಿ ಕಂಪನಿ ಬಾಗ್, ಮೊದಲು ಜಹಾನಾರಾಳ ಬೇಗಂ ಕಾ ಬಾಗ್ ಆಗಿತ್ತು. ಸಬ್ಜಿಮಂಡಿಯ ಆಚೆಗಿರುವುದು ಅವಳ ತಂಗಿ ರೋಶನಾರಾಳದು. ಕಾಶ್ಮೀರಿ ಗೇಟಿನ ಹೊರಗಿರುವ ಕುದ್ಸಿಯಾ ಬಾಗ್, ಬಾದಶಹ ಅಹಮದ್ ಷಾನ ತಾಯಿ ಕುದ್ಸಿಯಾ ಬೇಗಂ 1748ರಲ್ಲಿ ಯಮುನೆಯ ದಂಡೆಗೆ ಕಟ್ಟಿಸಿಕೊಂಡದ್ದು. ಮಕಬರಾಗಳನ್ನೂ ಕೋಟೆಗಳನ್ನೂ ನೋಡಲು ಬರುವ ಪ್ರವಾಸಿ ಬಸ್ಸುಗಳು ಈ ಮೂರರ ಹತ್ತಿರವೂ ನಿಲ್ಲುವುದಿಲ್ಲ. ನನಗೆ ಅದೇನೂ ಬೇಸರದ ವಿಷಯವಲ್ಲ.

ನಮ್ಮ ಕಡೆ ಹಳೆಯ ರೇಷ್ಮೆ ಸೀರೆಯ ಸೆರಗು ಕತ್ತರಿಸಿ ಮೊಮ್ಮಗಳಿಗೆ ಕುಪ್ಪಸ ಹೊಲಿಸುವುದುಂಟು. ಜರಿ ಅದೇ, ಅಂಚು ಅದೇ, ಆದರೆ ಹೊಲಿಗೆ ಬೇರೆ. ಮಾವಿನಕಾಯಿ ಬುಟ್ಟಾ ಎಲ್ಲಿ ಬಂದು ಕೂರುತ್ತದೆ ಎಂಬುದು ದರ್ಜಿಯ ಕತ್ತರಿಗೆ ಬಿಟ್ಟದ್ದು. ದಿಲ್ಲಿಯ ಈ ಪಾರ್ಕುಗಳು ಹಾಗೆ ಹೊಲಿಸಿದವು. ಅವುಗಳ ರುಚಿ ಹತ್ತಬೇಕಾದರೆ ಸೀರೆಯ ನೇಯ್ಗೆಯೂ ಗೊತ್ತಿರಬೇಕು, ದರ್ಜಿಯ ಅಳತೆಯೂ ಗೊತ್ತಿರಬೇಕು.

ಮೊದಲು ನೇಯ್ಗೆ. ಮೊಘಲರ ತೋಟಕ್ಕೆ ಬೆನ್ನೆಲುಬು ನೀರು. ನೀರು ಹರಿಯಬೇಕಾದರೆ ಇಳಿಜಾರು ಬೇಕು, ಆ ಇಳಿಜಾರು ಕಣ್ಣಿಗೆ ಕಾಣದಷ್ಟು ನವಿರಾಗಿರಬೇಕು. ಕಾಲುವೆ ನೆಟ್ಟಗೆ ಹೋಗಬೇಕು, ಅಡ್ಡ ಕಾಲುವೆ ಅದನ್ನು ಲಂಬವಾಗಿ ಕತ್ತರಿಸಬೇಕು, ನಾಲ್ಕು ಭಾಗ ಮಾಡಬೇಕು. ಇಷ್ಟು ನಮಗೆಲ್ಲ ಶಾಲೆಯಲ್ಲೇ ತಿಳಿದದ್ದು. ಅಷ್ಟಾಗಿ ಗಮನಕ್ಕೆ ಬಾರದ್ದು ಎತ್ತರದ ಲೆಕ್ಕ. ಆ ತೋಟಗಳಲ್ಲಿ ನಡೆಯುವ ದಾರಿ ಮೇಲೆ, ಪಾತಿ ಕೆಳಗೆ. ಕೆಳಗಿನ ಪಾತಿಯಲ್ಲಿ ಹೂಗಿಡ ಬೆಳೆದಾಗ ಅದರ ತಲೆ ದಾರಿಯ ಮಟ್ಟಕ್ಕೆ ಬರುತ್ತದೆ, ನಡೆಯುವವರು ಹೂವಿನ ಜಮಖಾನದ ಮೇಲೆ ಹೋಗುತ್ತಿರುವಂತೆ ತೋರುತ್ತದೆ. ದಾಳಿಂಬೆ, ಕಿತ್ತಳೆ ಮರದ ಹಣ್ಣು ಬಗ್ಗದೆಯೇ ಕೈಗೆ ಸಿಗುತ್ತದೆ. ಕಾಲುವೆಯ ನೀರನ್ನು ಪಾತಿಗೆ ಬಿಡುವುದು ಕೂಡ ಸಲೀಸು, ಇಳಿದು ಹೋಗಲು ಅದಕ್ಕೆ ಜಾಗವಿದೆಯಲ್ಲ. ಅಂದಕ್ಕೆಂದು ಮಾಡಿದ್ದೂ ಒಕ್ಕಲುತನಕ್ಕೆಂದು ಮಾಡಿದ್ದೂ ಒಂದೇ ಏರ್ಪಾಡಿನಲ್ಲಿ ಕೂಡಿಬಂದಿವೆ.

ನೀರಿನೊಡನೆ ಅವರು ಎಂಥ ಚೇಷ್ಟೆ ಮಾಡುತ್ತಿದ್ದರೆಂದು ತಿಳಿಯಲು ಕೆಂಪು ಕೋಟೆಯ ಹಯಾತ್ ಬಕ್ಷ್ ಬಾಗಿಗೆ ಹೋಗಬೇಕು. ಅಲ್ಲಿ ಎದುರುಬದುರಾಗಿ ಎರಡು ಅಮೃತಶಿಲೆಯ ಮಂಟಪಗಳಿವೆ, ಸಾವನ್ ಮತ್ತು ಭಾದೋಂ, ನಮ್ಮ ಶ್ರಾವಣ ಭಾದ್ರಪದಗಳ ಹೆಸರಿನವು. ನೀರು ಧುಮುಕುವ ಜಾಗದ ಹಿಂದಿನ ಗೋಡೆಯಲ್ಲಿ ಅಂಗೈಯಗಲದ ಕಮಾನುಗೂಡುಗಳನ್ನು ಸಾಲುಸಾಲಾಗಿ ಕೊರೆದಿದ್ದಾರೆ. ಹಗಲಲ್ಲಿ ಆ ಗೂಡುಗಳಲ್ಲಿ ಹೂದಾನಿ ಇಡುತ್ತಿದ್ದರು, ರಾತ್ರಿ ದೀಪ. ಮುಂದೆ ನೀರಿನ ತೆರೆ ಇಳಿಯುತ್ತಿದೆ, ಹಿಂದೆ ದೀಪದ ಸಾಲು ನಡುಗುತ್ತಿದೆ. ಬೆಂಕಿ ಬೀಳುವ ದಿಲ್ಲಿಯ ಬೇಸಿಗೆಯಲ್ಲಿ ಮಳೆಗಾಲದ ಎರಡು ತಿಂಗಳನ್ನು ಕಲ್ಲಿನಲ್ಲಿ ಕಟ್ಟಿಟ್ಟುಕೊಂಡ ಯುಕ್ತಿ ಇದು. ಈಗ ನೀರಿಲ್ಲ. ಗೂಡುಗಳು ಖಾಲಿ. ತೋಟದ ಬಹುಭಾಗವನ್ನು 1857ರ ದಂಗೆಯ ನಂತರ ಇಂಗ್ಲಿಷ್ ಸೈನ್ಯದವರು ತಮ್ಮ ಬ್ಯಾರಕ್ಕುಗಳಿಗೆ ಬಳಸಿಕೊಂಡರು. ಆ ದೊಡ್ಡ ಬ್ಯಾರಕ್ಕುಗಳು ಇಂದೂ ನಿಂತಿವೆ, ಕೆಡವುವ ಮನಸ್ಸಾಗುವಷ್ಟು ಗಟ್ಟಿಮುಟ್ಟಾಗಿ.

ಈ ನೀರೆಲ್ಲ ಬರುತ್ತಿದ್ದದ್ದು ಯಮುನೆಯಿಂದ ತೆಗೆದ ಕಾಲುವೆಯಿಂದ. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಡಿಸಿದ್ದನ್ನು ಷಹಜಹಾನನ ಕಾಲದಲ್ಲಿ ಅಲಿ ಮರ್ದಾನ್ ಖಾನ್ ದಿಲ್ಲಿಯವರೆಗೆ ತಂದ. ಅದರ ಒಂದು ಕವಲು ಚಾಂದನಿ ಚೌಕದ ನಟ್ಟನಡುವೆ ಹರಿಯುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ ಕಾಲುವೆ ಹೂಳು ತುಂಬಿ ಬತ್ತಿತು, ತೋಟಗಳು ಬಾಡಿದವು. 1820ರಲ್ಲಿ ಕಂಪನಿಯವರು ಹೂಳೆತ್ತಿಸಿ ಮತ್ತೆ ನೀರು ಹರಿಸಿದರು. ಅಂದರೆ ದರ್ಜಿಯ ಕೈಗೆ ಸೀರೆ ಬರುವ ಹೊತ್ತಿಗಾಗಲೇ ಅದು ಅಲ್ಲಲ್ಲಿ ಪಿಸಿದಿತ್ತು ಎಂಬುದನ್ನೂ ಹೇಳಬೇಕು. ಸೊಂಪಾಗಿದ್ದ ತೋಟವನ್ನು ಪರಂಗಿಯವರು ಬಂದು ಹಾಳುಗೆಡವಿದರು ಎಂಬ ಮಾತು ಪೂರ್ತಿ ನಿಜವಲ್ಲ.

ಇನ್ನು ದರ್ಜಿಯ ಅಳತೆ. ಊರ ನಡುವೆ ಎಲ್ಲರೂ ಓಡಾಡಲು ದೊಡ್ಡದೊಂದು ಪಾರ್ಕು ಬೇಕು, ಅದರ ಖರ್ಚನ್ನು ಊರಿನ ಆಡಳಿತವೇ ಹೊರಬೇಕು ಎನ್ನುವುದು ಹತ್ತೊಂಬತ್ತನೇ ಶತಮಾನದ ಯೋಚನೆ. ಇಂಗ್ಲೆಂಡಿನ ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ ಪಾರ್ಕು 1847ರಲ್ಲಿ ತೆರೆಯಿತು, ಅದರ ನಕ್ಷೆ ಜೋಸೆಫ್ ಪ್ಯಾಕ್ಸ್‌ಟನ್‌ನದು. ಇದೇ ಪ್ಯಾಕ್ಸ್‌ಟನ್ ಮುಂದೆ ಲಂಡನ್ನಿನ ಗಾಜಿನ ಅರಮನೆ ಕಟ್ಟಿದ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮಾದರಿ. 1850ರಲ್ಲಿ ಬರ್ಕನ್‌ಹೆಡ್ ನೋಡಿ ಬೆರಗಾದ ಒಬ್ಬ ಅಮೆರಿಕನ್ ಪ್ರವಾಸಿಯ ಹೆಸರು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್. ಎಂಟು ವರ್ಷದ ಮೇಲೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಅವನು ಕ್ಯಾಲ್ವರ್ಟ್ ವಾಕ್ಸ್ ಜೊತೆ ಸೇರಿ ಬರೆದ ನಕ್ಷೆ ಸ್ಪರ್ಧೆಗೆ ಬಂದ 33 ನಕ್ಷೆಗಳಲ್ಲಿ ಗೆದ್ದಿತು.

ಆ ನಕ್ಷೆಯಲ್ಲಿ ನನಗೆ ಬಹಳ ಹಿಡಿಸುವುದು ಅದರ ಮುಚ್ಚುಮರೆ. ಈಗ 843 ಎಕರೆಯಿರುವ ಪಾರ್ಕನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಲು ನಾಲ್ಕು ಅಡ್ಡರಸ್ತೆ ಬೇಕೇಬೇಕೆಂದು ಸ್ಪರ್ಧೆಯ ನಿಯಮವಿತ್ತು. ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಆ ನಾಲ್ಕನ್ನೂ ನೆಲಮಟ್ಟದಿಂದ ಕೆಳಗೆ, ತೋಡಿನಲ್ಲಿ ಇಳಿಸಿಬಿಟ್ಟರು. ಮೇಲೆ ನಡೆಯುವವನಿಗೆ ಗಾಡಿಯೂ ಕಾಣದು, ಪಾರ್ಕು ತುಂಡಾಗಿದೆಯೆಂಬ ಸುಳಿವೂ ಸಿಗದು. ಈ ಬಗೆಯ ಉದ್ಯಾನದ ವಿದ್ಯೆಯೆಲ್ಲ ಇರುವುದು ಇಂಥ ಮರೆಮಾಚುವಿಕೆಯಲ್ಲಿ. ದಾರಿ ಬಾಗುವುದು ಸುಮ್ಮನೆ ಅಂದಕ್ಕಲ್ಲ. ಬಾಗಿದ ಜಾಗದಲ್ಲಿ ಮರದ ಗುಂಪೊಂದು ಅಡ್ಡ ನಿಂತಿರುತ್ತದೆ, ಅದರಿಂದ ಮುಂದಿನದು ಕಾಣದೆ ಪಾರ್ಕು ಇರುವುದಕ್ಕಿಂತ ದೊಡ್ಡದೆನಿಸುತ್ತದೆ. ಬೇಲಿಯ ಆಚೆಗಿನ ಊರು ಕಾಣದಂತೆ ಅಂಚಿಗೆ ದಟ್ಟವಾಗಿ ನೆಡುತ್ತಾರೆ. ನಡುವೆ ಬಯಲು ಬಿಡುತ್ತಾರೆ, ಬಯಲಿನ ಆಚೆ ದಡ ಮಾತ್ರ ಮಬ್ಬಾಗಿರಬೇಕು. ಮೊಘಲ್ ತೋಟ ಮೊದಲ ಹೆಜ್ಜೆಗೇ ತನ್ನದೆಲ್ಲವನ್ನೂ ತೋರಿಸಿಬಿಡುತ್ತದೆ. ಆಮೇಲೆ ನೀವು ಅಲ್ಲಿ ಕೂರಬೇಕು. ಇಂಗ್ಲಿಷ್ ಪಾರ್ಕು ಏನನ್ನೂ ಒಟ್ಟಿಗೆ ತೋರಿಸುವುದಿಲ್ಲ. ಅದಕ್ಕೇ ಅಲ್ಲಿ ನಡೆಯುತ್ತಲೇ ಇರಬೇಕು.

ನ್ಯೂಯಾರ್ಕಿನಲ್ಲಿ ಈ ಸ್ಪರ್ಧೆ ಪ್ರಕಟವಾದದ್ದು 1857ರ ಅಕ್ಟೋಬರಿನಲ್ಲಿ. ಅದರ ಹಿಂದಿನ ತಿಂಗಳಷ್ಟೇ ಇಂಗ್ಲಿಷ್ ಸೈನ್ಯ ದಿಲ್ಲಿಯನ್ನು ಹಿಡಿದಿತ್ತು. ಸ್ಪರ್ಧಿಗಳು ಅಲ್ಲಿ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ಚಳಿಗಾಲದಲ್ಲಿ ಷಹಜಹಾನಾಬಾದಿನಿಂದ, ಅಂದರೆ ಹಳೆಯ ದಿಲ್ಲಿಯಿಂದ, ಹೊರಹಾಕಲಾದ ಜನ ಊರ ಗೋಡೆಯ ಹೊರಗೆ ದಿಕ್ಕೆಟ್ಟು ಕೂತಿದ್ದರು. ನ್ಯೂಯಾರ್ಕಿನಲ್ಲೂ ನೆಲ ಬರಿದಾಗಿ ಸಿಕ್ಕಿದ್ದೇನಲ್ಲ. ಸೆನೆಕಾ ವಿಲೇಜ್ ಎಂಬ, ಬಹುಪಾಲು ಕರಿಯರೇ ಇದ್ದ ಹಳ್ಳಿಯನ್ನು ಅದೇ ವರ್ಷ ಎಬ್ಬಿಸಿದ್ದರು. ಊರಿನ ಎಲ್ಲರ ಪಾರ್ಕಿಗಾಗಿ ಯಾರಾದರೂ ಗಂಟುಮೂಟೆ ಕಟ್ಟಿಯೇ ಇರುತ್ತಾರೆ.

ದಿಲ್ಲಿಯ ಕತ್ತರಿ ಎಲ್ಲಕ್ಕಿಂತ ಒರಟಾಗಿ ಆಡಿದ್ದು ಜಹಾನಾರಾಳ ತೋಟದ ಮೇಲೆ. 1650ರ ಸುಮಾರಿಗೆ ಅವಳು ಹಾಕಿಸಿದ ಚಾಂದನಿ ಚೌಕ ಉದ್ದಕ್ಕೆ 1,520 ಗಜ, ಅಗಲಕ್ಕೆ 40 ಗಜ. ನಡುವೆ ಎಂಟು ಮೂಲೆಯ ಕೊಳ. ಕೊಳದ ಉತ್ತರಕ್ಕೆ ವ್ಯಾಪಾರಿಗಳು ತಂಗುವ ಭರ್ಜರಿ ಸರಾಯ್, ಅದರ ಬೆನ್ನಿಗೆ ತೋಟ. ಫ್ರಾನ್ಸಿನ ಪ್ರವಾಸಿ ಬರ್ನಿಯರ್ ಆ ಸರಾಯನ್ನು ನೋಡಿ, ಪ್ಯಾರಿಸ್ಸಿನಲ್ಲೂ ಇಂಥವು ಇದ್ದಿದ್ದರೆ ಎಂದು ಹಲುಬಿದ. ಬಿಸಿಲು, ಧೂಳು, ಕೂಗಾಟದ ಬಜಾರು, ಅದರ ಹಿಂದೆ ಕೊಳ, ಕೊಳದ ಹಿಂದೆ ತಂಗುದಾಣ, ಅದರ ಹಿಂದೆ ಹಸಿರು. ಹೆಜ್ಜೆಹೆಜ್ಜೆಗೂ ಸದ್ದು ಇಳಿಯುತ್ತ ಹೋಗುವ ಈ ಸಾಲು ಒಂದು ನಗರಕ್ಕೆ ಸಿಗಬಹುದಾದ ಅತ್ಯುತ್ತಮ ನಕ್ಷೆಗಳಲ್ಲೊಂದು ಎಂದು ನನ್ನ ಅನಿಸಿಕೆ. ಅದನ್ನು ಮಾಡಿದವಳಿಗೆ ಆಗ ಮೂವತ್ತೈದು ದಾಟಿತ್ತಷ್ಟೆ.

1857 ಕಳೆದ ಮೇಲೆ ಸರಾಯನ್ನು ಕೆಡವಿ ಅಲ್ಲಿ ಟೌನ್ ಹಾಲ್ ಕಟ್ಟಿದರು. ಕೊಳ ಮುಚ್ಚಿ ಅಲ್ಲೊಂದು ಗಡಿಯಾರ ಗೋಪುರ ಎಬ್ಬಿಸಿದರು. ಅದು 1950ರ ದಶಕದ ಆರಂಭದಲ್ಲಿ ಕುಸಿದುಬಿತ್ತು, ಆದರೂ ಹಳಬರು ಆ ಜಾಗವನ್ನು ಈಗಲೂ ಘಂಟಾಘರ್ ಎಂದೇ ಕರೆಯುತ್ತಾರೆ. 1867ರಲ್ಲಿ ಯಮುನೆ ದಾಟಿ ರೈಲು ಬಂತು. ಹಳಿಯನ್ನು ಊರ ಗೋಡೆಯ ಹೊರಗೆ ಹಾಯಿಸಬಹುದಿತ್ತು. ಹಾಗೆ ಮಾಡದೆ ಊರ ಒಳಗೇ ನುಗ್ಗಿಸಿದರು. ಬೇಗಮಳ ತೋಟದ ಉತ್ತರದ ಸೆರಗು ಹಳಿಗೂ ಸ್ಟೇಷನ್ನಿಗೂ ಹೋಯಿತು. ನ್ಯೂಯಾರ್ಕಿನಲ್ಲಿ ಗಾಡಿದಾರಿಯನ್ನು ಬಚ್ಚಿಡಲು ತೋಡು ತೋಡುತ್ತಿದ್ದ ದಶಕದಲ್ಲೇ ಇಲ್ಲಿ ರೈಲನ್ನು ಮೆರೆಸಲು ತೋಟ ಕಡಿದರು. ಉಳಿದ ನೆಲಕ್ಕೆ ರಾಣಿಯ ಹೆಸರಿಟ್ಟು, ದಾರಿಗಳನ್ನು ಬಳುಕಿಸಿ, 1863ರಲ್ಲಿ ಹುಟ್ಟಿದ ಮುನಿಸಿಪಾಲಿಟಿಯ ಕೈಗೆ ಕೊಟ್ಟರು.

ಆ ಹೊಸ ಪಾರ್ಕಿನ ಅಲಂಕಾರಗಳಲ್ಲಿ ಒಂದು ಕಲ್ಲಾನೆ. ಕೆಂಪು ಕೋಟೆಯ ಬಾಗಿಲಲ್ಲಿ ಎರಡು ಆನೆಗಳ ವಿಗ್ರಹವಿದ್ದುದನ್ನು ಬರ್ನಿಯರ್ ಬರೆದಿದ್ದಾನೆ. ಔರಂಗಜೇಬ ಅವನ್ನು ಒಡೆಸಿಹಾಕಿದ. ಕೋಟೆಯೊಳಗೆ ಮಣ್ಣಲ್ಲಿ ಸಿಕ್ಕ ಚೂರುಗಳನ್ನು ಹೇಗೋ ಜೋಡಿಸಿ 1866ರಲ್ಲಿ ಕ್ವೀನ್ಸ್ ಗಾರ್ಡನ್ಸಿನಲ್ಲಿ ಒಂದು ಆನೆಯನ್ನು ನಿಲ್ಲಿಸಿದರು. ಎರಡರ ಚೂರು, ಒಂದೇ ಆನೆ. ಮುಂದೆ ವೈಸರಾಯ್ ಕರ್ಜನ್ ಹೊಸ ಆನೆಗಳನ್ನೇ ಕೆತ್ತಿಸಿ ಕೋಟೆಯ ದಿಲ್ಲಿ ದರವಾಜೆಗೆ ಕಳಿಸಿದ.

ಇಂದು ಅಲ್ಲಿ ಹೋದವರಿಗೆ ತೋಟವೆನ್ನುವಂಥದ್ದು ಹೆಚ್ಚೇನೂ ಸಿಗುವುದಿಲ್ಲ. ಟೌನ್ ಹಾಲಿನ ಎದುರು ವಿಕ್ಟೋರಿಯಾ ಇದ್ದ ಜಾಗದಲ್ಲಿ ಸ್ವಾಮಿ ಶ್ರದ್ಧಾನಂದರು ನಿಂತಿದ್ದಾರೆ. ಹಿಂದೆ ಗಾಂಧಿ ಹೆಸರಿನ ಪಾರ್ಕು. ಮೈದಾನದ ಕಡೆಗೆ ಬಹುಮಹಡಿ ಪಾರ್ಕಿಂಗು, ಅಂಗಡಿ ಮಳಿಗೆ. ಹಳೆಯದೊಂದು ಪುಸ್ತಕಾಲಯ ಉಳಿದಿದೆ. ಅದರ ಈಗಿನ ಕಟ್ಟಡ 1916ರದು, ವೈಸರಾಯ್ ಹಾರ್ಡಿಂಜ್‌ನ ಹೆಸರಲ್ಲಿ ಕಟ್ಟಿದ್ದು. ಅವನ ಮೇಲೆ ಬಾಂಬು ಬಿದ್ದದ್ದು ಇದೇ ಚಾಂದನಿ ಚೌಕದಲ್ಲಿ, 1912ರಲ್ಲಿ. ಈಗ ಆ ಪುಸ್ತಕಾಲಯದ ಹೆಸರು ಗದರ್ ಪಕ್ಷದ ಲಾಲಾ ಹರದಯಾಳರದು. ವೈಸರಾಯ್ ಇಳಿದು ಕ್ರಾಂತಿಕಾರಿ ಹತ್ತಿದ ಫಲಕ ಎಂಬ ಕಾರಣಕ್ಕೇ ಅದನ್ನು ನೋಡಿ ಬರಬಹುದು.

ಬೆಂಗಳೂರಿನಿಂದ ಬಂದವರಿಗೆ ಇಲ್ಲಿ ಹೋಲಿಕೆ ತಾನಾಗಿ ಬರುತ್ತದೆ. ಕಬ್ಬನ್ ಪಾರ್ಕು 1870ರದು, ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಹಾಕಿದ ನಕ್ಷೆ. ಮೊದಲಿಗೆ ಸುಮಾರು 100 ಎಕರೆ, ಆಮೇಲೆ ಬೆಳೆಯಿತು. ಮೀಡ್ಸ್ ಪಾರ್ಕ್ ಎಂದು ಹೆಸರಾಗಿ, ಕಬ್ಬನ್ ಆಗಿ, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವಾಗಿ, ಇವತ್ತಿಗೂ ಆಟೋದವರ ಬಾಯಲ್ಲಿ ಕಬ್ಬನ್ ಪಾರ್ಕಾಗಿಯೇ ಉಳಿದಿದೆ. ಅಲ್ಲಿ ಅಡಿಯಲ್ಲಿ ಯಾವ ಬೇಗಮಳ ತೋಟವೂ ಇರಲಿಲ್ಲ. ಸ್ಯಾಂಕಿಗೆ ಸಿಕ್ಕಿದ್ದು ದಂಡು ಮತ್ತು ಪೇಟೆಯ ನಡುವಿನ ಏರಿಳಿತದ ನೆಲ, ಅದರ ಮಗ್ಗುಲಿಗೆ ಆಗಷ್ಟೇ ಎದ್ದಿದ್ದ ಕೆಂಪು ಅಠಾರಾ ಕಚೇರಿ. ಅಲ್ಲಿ ನೆಟ್ಟಗಿನ ಗೆರೆಯೂ ಬಳುಕೂ ಜಗಳವಿಲ್ಲದೆ ಕೂಡಿಕೊಂಡಿವೆ. ಅಠಾರಾ ಕಚೇರಿಗೂ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೂ, ಅಂದರೆ ಈಗಿನ ಕೇಂದ್ರ ಗ್ರಂಥಾಲಯಕ್ಕೂ, ನಡುವೆ ನೇರವಾದ ಒಂದು ನೋಟವಿದೆ. ಅದರಿಂದ ಈಚೆ ಬಂದರೆ ಬಂಡೆ, ಬಿದಿರು ಮೆಳೆ, ದಿಕ್ಕು ತಪ್ಪಿಸುವ ದಾರಿ. ವಿಕ್ಟೋರಿಯಾ ಅಲ್ಲಿ 1906ರಿಂದ ನಿಂತಲ್ಲೇ ನಿಂತಿದ್ದಾಳೆ. ಅವಳನ್ನು ಎಬ್ಬಿಸಬೇಕೆಂಬ ಆತುರ ಬೆಂಗಳೂರಿಗೆ ದಿಲ್ಲಿಯಷ್ಟು ಹುಟ್ಟಲಿಲ್ಲ.

ದಿಲ್ಲಿಯ ಪಾರ್ಕುಗಳಿಗೆ ನಿಜವಾದ ಬಳಗ ಲಾಲ್‌ಬಾಗ್. ಹೈದರ್ ಅಲಿ 1760ರಲ್ಲಿ ಶುರುಮಾಡಿದ್ದು ಮೊಘಲ್ ಪದ್ಧತಿಯ ತೋಟ, ಶಿರಾದಲ್ಲಿ ಕಂಡದ್ದರ ಮಾದರಿಯಲ್ಲಿ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು, 1889ರಲ್ಲಿ ಗಾಜಿನ ಮನೆಗೆ ಬುನಾದಿ ಬಿತ್ತು, ಆಮೇಲೆ ಉದ್ಯಾನತಜ್ಞ ಕ್ರುಂಬಿಗಲ್ ಬಂದ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೆಲಸ ಮಾಡಿದರು. ಆದರೆ ಬೆಂಗಳೂರಿನಲ್ಲಿ ಹಳೆಯದರ ಮೇಲೆ ಕೈಯಿಟ್ಟವರು ಗಿಡಮರ ಬಲ್ಲವರು. ದಿಲ್ಲಿಯಲ್ಲಿ ಕೈಯಿಟ್ಟವರು ಗೆದ್ದವರು. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ರೋಶನಾರಾ ಬಾಗಿಗೆ ಹಿಂದಿರುಗುತ್ತೇನೆ, ಮೂರರಲ್ಲಿ ನನಗೆ ಹೆಚ್ಚು ಸಲುಗೆಯಿರುವುದು ಅದರೊಡನೆ. ಪುಲ್‌ಬಂಗಶ್ ಮೆಟ್ರೋದಲ್ಲಿ ಇಳಿದು ರಿಕ್ಷಾ ಹಿಡಿದರೆ ಬಹಳ ದೂರವಿಲ್ಲ. ಹೆಬ್ಬಾಗಿಲಿನ ಮೇಲೆ ಹಳೆಯ ಬಣ್ಣದ ಹೆಂಚಿನ ತುಣುಕುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಒಳಗಿನ ಬಾರಾದರಿ ಒಂದು ಜಗಲಿಯ ಮೇಲಿದೆ; ಸುತ್ತ ಒಂದು ಕಾಲಕ್ಕೆ ನೀರು ನಿಂತಿರುತ್ತಿತ್ತು. ಕಟ್ಟಡಕ್ಕೆ ಗುಮ್ಮಟವಿಲ್ಲ, ಚಪ್ಪಟೆ ಮಾಡು, ನಾಲ್ಕು ಮೂಲೆಗೆ ಎರಡಂತಸ್ತಿನ ಕೋಣೆ, ನಡುವೆ ಕಂಬಗಳ ಮೊಗಸಾಲೆ. ಕಮಾನಿನ ಅಂಚು ಹೂವಿನ ದಳದಂತೆ ಬಾಗಿ ಬಾಗಿ ಹೋಗುತ್ತದೆ. ಛಾವಣಿಯ ಗಾರೆಯಲ್ಲಿ ಕೆಂಪು ಹಸಿರಿನ ಬಳ್ಳಿಚಿತ್ತಾರದ ಕಲೆ ಉಳಿದಿದೆ. ಕುತ್ತಿಗೆ ನೋಯುವವರೆಗೆ ನೋಡಿದರೆ ಒಂದೆರಡು ಹೂ ಬಿಡಿಸಿಕೊಳ್ಳುತ್ತವೆ.

ಎಲ್ಲಕ್ಕೂ ನಡುವಿನ ಕೋಣೆಗೆ ಮಾಡೇ ಇಲ್ಲ. ಅಮೃತಶಿಲೆಯ ಜಾಲಂಧ್ರದ ಒಳಗೆ, ತೆರೆದ ಆಕಾಶದ ಕೆಳಗೆ, 1671ರಲ್ಲಿ ತೀರಿಕೊಂಡ ರೋಶನಾರಾಳ ಗೋರಿ. ಸುತ್ತ ಅಂಚುಕಟ್ಟು, ನಡುವೆ ಬರೀ ಮಣ್ಣು. ನಿಜಾಮುದ್ದೀನ್ ದರ್ಗಾದಲ್ಲಿ ಅಕ್ಕ ಜಹಾನಾರಾಳ ಗೋರಿಯೂ ಹೀಗೆಯೇ, ಮೇಲೆ ಹುಲ್ಲು ಬೆಳೆಯಲೆಂದು ತೆರೆದು ಬಿಟ್ಟದ್ದು. ಬದುಕಿದ್ದಾಗ, ಸಿಂಹಾಸನಕ್ಕೆ ಕಾದಾಡಿದ ಸೋದರರಲ್ಲಿ ಅಕ್ಕ ದಾರಾನ ಪಕ್ಷ, ತಂಗಿ ಔರಂಗಜೇಬನ ಪಕ್ಷ, ಒಬ್ಬರ ಮುಖ ಒಬ್ಬರಿಗಾಗದು. ಗೋರಿಯ ವಿಚಾರದಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿರುಚಿ. ಮಳೆ ಬಿದ್ದರೆ ನೇರವಾಗಿ ರೋಶನಾರಾಳ ಮೇಲೆಯೇ ಬೀಳುತ್ತದೆ. ತೋಟ ಮಾಡಿಸಿದವಳು ಕೊನೆಗೆ ತಾನೇ ಒಂದು ಪಾತಿಯಾದಳು.

ಮಂಟಪದ ಮೆಟ್ಟಿಲಿಳಿದರೆ ಇಂಗ್ಲಿಷರ ಹುಲ್ಲುಹಾಸು. ಎತ್ತರದ ಲೆಕ್ಕ ಇಲ್ಲಿ ಕೆಟ್ಟಿದೆ. ಪಾತಿ, ದಾರಿ ಎಲ್ಲವೂ ಒಂದೇ ಮಟ್ಟ. ಹೂವಿನ ಮೇಲೆ ನಡೆಯುವ ಸುಖ ಹೋಯಿತು. ಬದಲಿಗೆ ಬಂದದ್ದು ಬಯಲು, ಅದರ ಮೇಲೆ ಕುಟುಂಬ ಸಮೇತ ಕೂತು ಪೂರಿ-ಆಲೂ ತಿನ್ನಬಹುದು. ಪೈಪು ಹಿಡಿದು ನೀರು ಬಿಡುತ್ತಿದ್ದ ಮಾಲಿಯನ್ನು, "ಯಾವ ಹುಲ್ಲು ಭಯ್ಯಾ ಇದು?" ಎಂದು ಕೇಳಿದೆ. "ಡೂಬ್ ಬಾಬೂಜಿ, ಮತ್ತೇನು? ವಿಲಾಯತಿ ಹುಲ್ಲು ಇಲ್ಲಿನ ಜೇಠದ ಬಿಸಿಲು ತಡೆಯುತ್ತದೆಯೇ?" ಎಂದ. ಡೂಬ್ ಎಂದರೆ ನಮ್ಮ ಗರಿಕೆ. ಬಗ್ಗಿ ಕಿತ್ತು ನೋಡಿದೆ, ಗಂಟುಗಂಟಿಗೂ ಬೇರು ಬಿಟ್ಟು ಹಬ್ಬಿದ, ಚೌತಿಗೆ ಗಣಪತಿಗೆ ಏರಿಸುವ ಅದೇ ಹುಲ್ಲು. ಸರ್ಕಾರಿ ಲಾನಿನ ಗತ್ತು ಎಷ್ಟೇ ಇರಲಿ, ಈ ಬಿಸಿಲಲ್ಲಿ ಅದನ್ನು ಹಿಡಿದು ನಿಲ್ಲಿಸಿದ್ದು ಗರಿಕೆಯೇ.

ಮರಗಳ ವಿಷಯದಲ್ಲಿ ಮಾತ್ರ ನನ್ನ ಒಲವು ದರ್ಜಿಯ ಕಡೆಗೆ. ನಾಲ್ಕು ಭಾಗದ ಮೊಘಲ್ ತೋಟದ, ಅಂದರೆ ಚಾರ್‌ಬಾಗಿನ, ಮರಗಳು ಸಾಲಿನ ಸಿಪಾಯಿಗಳು, ಒಂದೊಂದನ್ನೂ ಬಿಡಿಯಾಗಿ ನೋಡಲು ಆಗುವುದಿಲ್ಲ. ಇಂಗ್ಲಿಷರ ಪದ್ಧತಿಯಲ್ಲಿ ಒಂದು ಅರಳಿಗೆ, ಒಂದು ಬೂರುಗಕ್ಕೆ ಬೆಳೆಯುವಷ್ಟು ಜಾಗ ಬಿಟ್ಟು ನಿಲ್ಲಿಸುತ್ತಾರೆ, ಆಗ ಅದರ ಪೂರ್ತಿ ಆಕಾರ ಕಾಣುತ್ತದೆ. ದಿಲ್ಲಿಯಲ್ಲಿ ಎಲೆ ಉದುರುವುದು ಚಳಿಗಾಲದಲ್ಲಲ್ಲ, ಚಳಿ ಹಿಂದೆಗೆದ ಮೇಲೆ. ಫಾಲ್ಗುಣದಲ್ಲಿ ಬೂರುಗ ಒಂದೂ ಎಲೆಯಿಲ್ಲದೆ ಕೆಂಪಗೆ ಹೂ ಹೊತ್ತು ನಿಲ್ಲುತ್ತದೆ; ದಪ್ಪ ದಳದ ಹೂಗಳು ಧೊಪ್ಪೆಂದು ಬೀಳುತ್ತವೆ. ಮಾರ್ಚಿನ ಬಿಸಿಗಾಳಿಗೆ ಬೇವು ಹಳದಿಯಾಗಿ ಉದುರಿ ವಾರದೊಳಗೆ ಮತ್ತೆ ಚಿಗುರುತ್ತದೆ. ಇಲ್ಲಿಯವರು ಪಿಲ್‌ಖನ್ ಎನ್ನುವ ಬಸರಿ ಮರದ್ದು ಇನ್ನೂ ಸೊಗಸು: ಚಿಗುರು ತಾಮ್ರದ ಬಣ್ಣದಲ್ಲಿ ಬಂದು, ಜೇನಿನ ಬಣ್ಣಕ್ಕೆ ತಿರುಗಿ, ಆಮೇಲೆ ಹಸಿರಾಗುತ್ತದೆ. ಮೇ ತಿಂಗಳಲ್ಲಿ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ಇವೆಲ್ಲ ಸಾಲಿನಲ್ಲಿದ್ದರೆ ಮೆರವಣಿಗೆಯಾಗುತ್ತಿತ್ತು. ಬಾಗುವ ದಾರಿಯಲ್ಲಿ ತಿರುವಿಗೊಂದರಂತೆ ಎದುರಾದರೆ ಭೇಟಿಯಾಗುತ್ತದೆ.

ಕುದ್ಸಿಯಾ ಬಾಗಿನದು ಬೇರೆಯೇ ಪಾಡು. 1748ರ ಹೊತ್ತಿಗೆ ಬಾದಶಹರ ಬೊಕ್ಕಸ ಬರಿದಾಗಿತ್ತು, ಹಿಂದಿನವರಂತೆ ಎಲ್ಲಕ್ಕೂ ಕೆಂಪು ಕಲ್ಲು, ಅಮೃತಶಿಲೆ ಹಾಕುವ ಕಾಲ ಹೋಗಿತ್ತು. ಹಾಗಾಗಿ ತೆಳ್ಳನೆಯ ಲಖೌರಿ ಇಟ್ಟಿಗೆ, ಮೇಲೆ ಗಾರೆ. ಉಳಿದಿರುವ ಹೆಬ್ಬಾಗಿಲನ್ನು ಹತ್ತಿರದಿಂದ ನೋಡಿದರೆ ಬಡತನವನ್ನು ಕುಶಲಕರ್ಮಿಗಳು ಹೇಗೆ ನುಂಗಿಕೊಂಡರೆಂಬುದು ಕಾಣುತ್ತದೆ. ಕಲ್ಲಲ್ಲಿ ಆಗದಷ್ಟು ನವಿರಾದ ಎಲೆ, ಬಳ್ಳಿ, ಹೂವಿನ ಕುಸುರಿಯನ್ನು ಅವರು ಹಸಿ ಗಾರೆಯಲ್ಲಿ ಎಬ್ಬಿಸಿದ್ದಾರೆ. ಗಾರೆ ಕಳಚಿದ ಕಡೆ ಒಳಗಿನ ಇಟ್ಟಿಗೆ ಇಣುಕುತ್ತದೆ, ಬೆರಳೆರಡರಷ್ಟು ದಪ್ಪ. ಥಾಮಸ್ ಡ್ಯಾನಿಯಲ್ 1795ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಈ ಅರಮನೆ ಯಮುನೆಯ ನೀರಿಗೇ ಮುಖಮಾಡಿ ನಿಂತಿದೆ. 1857ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರು ಕಾಶ್ಮೀರಿ ಗೇಟಿನ ಗೋಡೆ ಒಡೆಯಲು ಈ ತೋಟದೊಳಗೇ ತೋಪು ಹೂಡಿದರು. ಅರಮನೆ ಹೋಯಿತು, ಬಾಗಿಲು, ಪೆಟ್ಟುತಿಂದ ಮಸೀದಿ, ಒಂದಿಷ್ಟು ಮಂಟಪ ಉಳಿದವು. ಗೆದ್ದ ಮೇಲೆ ಅದೇ ಜಾಗಕ್ಕೆ ಹುಲ್ಲು ಹಾಕಿ, ದಾರಿ ಬಾಗಿಸಿ ಪಾರ್ಕು ಮಾಡಿದರು. ನದಿಯೂ ದೂರ ಸರಿಯಿತು. ಹೊಳೆ ಹರಿಯುತ್ತಿದ್ದ ದಿಕ್ಕಿನಲ್ಲಿ ಈಗ ರಿಂಗ್ ರೋಡು, 1976ರ ಅಂತರರಾಜ್ಯ ಬಸ್ ನಿಲ್ದಾಣ. ಚಂಡೀಗಢ, ಹರಿದ್ವಾರದ ಬಸ್ಸು ತಪ್ಪಿದವರು ಚೀಲವನ್ನೇ ದಿಂಬು ಮಾಡಿಕೊಂಡು ಈ ಹುಲ್ಲಿನ ಮೇಲೆ ಒರಗಿರುತ್ತಾರೆ.

ಬಳುಕು ದಾರಿಯ ಈ ಕಾರುಬಾರನ್ನು ಆ ಕಾಲದಲ್ಲೇ ಒಪ್ಪದ ಇಂಗ್ಲಿಷರಿದ್ದರು. ಕಾನ್‌ಸ್ಟನ್ಸ್ ವಿಲಿಯರ್ಸ್ ಸ್ಟುವರ್ಟ್ ಎಂಬಾಕೆ 1913ರಲ್ಲಿ ಮೊಘಲರ ಉದ್ಯಾನಗಳ ಬಗ್ಗೆ ಪುಸ್ತಕ ಬರೆದು, ನಮ್ಮವರು ಈ ತೋಟಗಳಿಗೆ ಅರ್ಥವಾಗದೆ ಕೈಹಾಕಿದ್ದಾರೆಂದು ತಕರಾರು ತೆಗೆದಳು, ಹೊಸ ದಿಲ್ಲಿಗೆ ಈ ನೆಲದ ಪದ್ಧತಿಯ ತೋಟವೇ ಬೇಕೆಂದು ವಾದಿಸಿದಳು. ಹೆಂಗಸರು ಮಾಡಿಸಿದ ತೋಟಗಳ ಪರವಾಗಿ ನಿಂತವಳೂ ಹೆಂಗಸೇ. ವೈಸರಾಯ್ ಮನೆಯ ಹಿಂದೆ ವಾಸ್ತುಶಿಲ್ಪಿ ಲಟ್ಯೆನ್ಸ್ ನಕ್ಷೆ ಬರೆದು, ಮುಸ್ಟೋ ಎಂಬ ತೋಟಗಾರ ಗಿಡ ನೆಟ್ಟ 15 ಎಕರೆಯ ತೋಟದಲ್ಲಿ ನೇರ ಕಾಲುವೆ, ಚೌಕಪಾತಿ ಎಲ್ಲ ಮರಳಿ ಬಂದವು. ಇಂದಿನ ಅಮೃತ್ ಉದ್ಯಾನ ಅದೇ. ತಮಾಷೆಯೆಂದರೆ ಹತ್ತೊಂಬತ್ತನೇ ಶತಮಾನದ ಬಳುಕು ದಿಲ್ಲಿಯನ್ನು ಬಿಟ್ಟುಹೋಗಲಿಲ್ಲ. ಖೈರ್‌ಪುರ ಹಳ್ಳಿಯವರನ್ನು ಎಬ್ಬಿಸಿ 1936ರಲ್ಲಿ ಮಾಡಿದ ಲೇಡಿ ವಿಲಿಂಗ್ಡನ್ ಪಾರ್ಕಿಗೆ, ಅಂದರೆ ಲೋಧಿ ಗಾರ್ಡನ್ನಿಗೆ, 1968ರಲ್ಲಿ ಹೊಸ ರೂಪ ಕೊಟ್ಟವರು ಅಮೆರಿಕದ ಜೋಸೆಫ್ ಸ್ಟೈನ್ ಮತ್ತು ಗ್ಯಾರೆಟ್ ಎಕ್ಬೊ. ತಿರುವು ತಿರುವಿಗೆ ಒಂದು ಗುಮ್ಮಟ ಮರದ ಮರೆಯಿಂದ ಹೊರಬರುವ ಆ ಏರ್ಪಾಡು ಓಲ್ಮ್‌ಸ್ಟೆಡ್ ಕಂಡಿದ್ದರೆ ತಲೆದೂಗುತ್ತಿದ್ದ. ಹತ್ತಿರದ ಲೋಧಿ ಎಸ್ಟೇಟಿನಲ್ಲೇ ದಿಲ್ಲಿ ಕನ್ನಡ ಶಾಲೆ ಇರುವುದರಿಂದ ಇಲ್ಲಿನ ನಡಿಗೆದಾರಿಗಳಲ್ಲಿ ಕನ್ನಡ ಕಿವಿಗೆ ಬೀಳುವುದೂ ಉಂಟು.

ಅಮೃತ್ ಉದ್ಯಾನ ಮುಖ್ಯವಾಗಿ ಚಳಿ ಇಳಿಯುವ ಒಂದೆರಡು ತಿಂಗಳು ತೆರೆದಿರುತ್ತದೆ, ಸಾಲು ನಿಂತು ತಪಾಸಣೆ ಮಾಡಿಸಿಕೊಂಡು ಹೋಗಬೇಕು, ಟ್ಯೂಲಿಪ್ ನೋಡಿ ಮುಂದೆ ಸರಿಯಬೇಕು. ಲೋಧಿ ಗಾರ್ಡನ್ನಿನಲ್ಲಿ ಬೆಳಿಗ್ಗೆ ಹೊತ್ತು ಸಚಿವಾಲಯವೇ ಓಡುತ್ತಿರುತ್ತದೆ. ರೋಶನಾರಾ, ಕುದ್ಸಿಯಾಗಳಿಗೆ ಆ ತಾಪತ್ರಯವಿಲ್ಲ. ಹೋಗುವುದಾದರೆ ಹೋಳಿಯ ಆಸುಪಾಸು ಹೋಗಿ, ಬೂರುಗ ಹೂ ಬಿಟ್ಟಿರುತ್ತದೆ, ಬಸರಿ ಚಿಗುರುತ್ತಿರುತ್ತದೆ. ರೋಶನಾರಾದಲ್ಲಿ ಪೂರ್ವದ ಬಾಗಿಲಿನಿಂದಲೇ ಒಳಗೆ ಬನ್ನಿ, ಬೇರೆ ಕಡೆಯಿಂದ ನುಗ್ಗಿದರೆ ನೇರ ಗೆರೆ ಸಿಗುವುದಿಲ್ಲ. ಕುದ್ಸಿಯಾಕ್ಕೆ ಕಾಶ್ಮೀರಿ ಗೇಟ್ ಮೆಟ್ರೋ ಹತ್ತಿರ. ಸಂಜೆಯ ಬಿಸಿಲು ಹೆಬ್ಬಾಗಿಲಿನ ಗಾರೆಗೆ ಓರೆಯಾಗಿ ಬಿದ್ದಾಗ ಕುಸುರಿ ಎದ್ದು ಕಾಣುತ್ತದೆ. ಮಧ್ಯಾಹ್ನ ಹೋದರೆ ಬರೀ ಹಳೆಯ ಗೋಡೆ.